ಹಬ್ಬದ ದಿನ ಏನು ಉಡೋಣ? ಧಾರವಾಡ ಸೀಮೆಯ ಉಡುಗೆ ಹೇಳುವ ಇತಿಹಾಸ



ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ವರ್ಷಕ್ಕೊಮ್ಮೆ ‘ಸಾಂಪ್ರದಾಯಿಕ ಉಡುಗೆಯ ದಿನ’ ಬರುತ್ತದೆ. ಅಕ್ಕ ಬ್ಯಾಂಕಿನಲ್ಲಿ, ಅಣ್ಣ ಬಸ್ ಡಿಪೋದಲ್ಲಿ, ಅತ್ತಿಗೆ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದರೆ ಅಲ್ಲಿಯೂ ಆಯುಧ ಪೂಜೆ, ದೀಪಾವಳಿ, ಕನ್ನಡ ರಾಜ್ಯೋತ್ಸವಗಳಿಗೆ ಎಲ್ಲರೂ ‘ನಮ್ಮ ಕಡೆಯ ಉಡುಗೆ’ಯಲ್ಲಿ ಬರಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ. ಹಿಂದಿನ ರಾತ್ರಿ ಮನೆಯಲ್ಲಿ ಪ್ರಶ್ನೆ ಏಳುತ್ತದೆ. “ಯವ್ವಾ, ನಾಳೆ ಯಾವ ಸೀರಿ ಉಡ್ಲಿ?” “ಅಪ್ಪಾ, ಧೋತರ ಉಡೂದು ಹೆಂಗ?” ಟ್ರಂಕಿನ ಮುಚ್ಚಳ ತೆರೆಯುತ್ತದೆ. ನುಸಿ ಗುಳಿಗೆಯ ವಾಸನೆಯ ಜೊತೆ ಅಜ್ಜಿಯ ಸೀರೆ, ಅಜ್ಜನ ಪಟಕ ಹೊರಬರುತ್ತವೆ.

ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ತಿಳಿದು ಉತ್ತರ ಕೊಡಬೇಕಾದರೆ ಹೊಲ, ಮಗ್ಗ, ಸಂತೆ, ಸ್ವಾತಂತ್ರ್ಯ ಚಳವಳಿ, ರೈತರ ಹೋರಾಟ ಎಲ್ಲವನ್ನೂ ಹಾದು ಬರಬೇಕಾಗುತ್ತದೆ. ದೂರದರ್ಶನದ ತೆರೆಯ ಮೇಲೆ ಸೀರೆಯ ಬಣ್ಣ ಕಾಣುತ್ತದೆ. ಅದರ ಎಳೆಗಳನ್ನು ಎಣಿಸಲು ಬಿಡುವು ಸಿಗುವುದಿಲ್ಲ. ಆ ಎಳೆಗಳನ್ನು ಇಲ್ಲಿ ಸಾವಕಾಶವಾಗಿ ನೋಡೋಣ. ನಮ್ಮ ಉದಾಹರಣೆಗಳು ಬಹುಮಟ್ಟಿಗೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯವು.

ದುಡಿಯುವ ಜಾಗದಲ್ಲೇ ಹಬ್ಬ

ಕಚೇರಿಯಲ್ಲಿ ಹಬ್ಬ ಮಾಡುವುದು ಹೊಸ ಕಾಲದ ಪದ್ಧತಿ ಎಂದು ನೀವು ತಿಳಿದಿರಬಹುದು. ಆದರೆ ದುಡಿಯುವ ಜಾಗಕ್ಕೆ ಹಬ್ಬದ ಬಟ್ಟೆ ಉಟ್ಟುಕೊಂಡು ಹೋಗುವುದು ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯದು. ಒಕ್ಕಲಿಗನ ಕಚೇರಿ ಎಂದರೆ ಹೊಲ. ಆಶ್ವೀಜದ ಶೀಗಿ ಹುಣ್ಣಿಮೆಗೂ ಮುಂದೆ ಬರುವ ಎಳ್ಳ ಅಮಾವಾಸ್ಯೆಗೂ ಇಡೀ ಮನೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೊರಡುತ್ತದೆ. ಕಲಘಟಗಿಯ ಅರೆಮಲೆನಾಡಿನಲ್ಲಿ ಭತ್ತ ತೆನೆ ಹೊತ್ತಿರುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಗೋದಿ ಬೆಳೆದು ನಿಂತಿರುತ್ತವೆ. ಬೆಳೆ ಹೊತ್ತ ಭೂಮಿಯನ್ನು ಬಸುರಿ ಎಂದು ಭಾವಿಸಿ, ಅವಳ ಬಯಕೆ ತೀರಿಸಲು ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ, ಬದನೆಕಾಯಿ ಪಲ್ಯ, ಕರ್ಚಿಕಾಯಿ ಒಯ್ದು ಹೊಲದ ತುಂಬ ಚೆಲ್ಲುತ್ತಾರೆ. ಇದೇ ಚರಗ.

ಅಂದು ಹೆಣ್ಣುಮಕ್ಕಳು ಇಲಕಲ್ ಸೀರೆ ಉಟ್ಟು, ಖಣದ ಕುಬಸ ತೊಟ್ಟು, ಕಿವಿಗೆ ಬುಗುಡಿ, ಕೊರಳಿಗೆ ಬೋರಮಾಳ, ಕೈತುಂಬ ಹಸಿರು ಬಳೆ ಹಾಕಿಕೊಳ್ಳುತ್ತಾರೆ. ಗಂಡಸರು ಮಡಿ ಧೋತರ ಉಟ್ಟು ಪಟಕ ಸುತ್ತುತ್ತಾರೆ. ಎತ್ತುಗಳಿಗೂ ಜೂಲ ಹೊದಿಸಿ, ಕೋಡಿಗೆ ಬಣ್ಣ ಬಳಿದು ಸಿಂಗಾರ ಮಾಡುತ್ತಾರೆ. ದಿನವೂ ಮೈ ಬೆವರಿಸುವ ನೆಲಕ್ಕೆ ವರ್ಷದಲ್ಲಿ ಎರಡು ದಿನ ಮಾತ್ರ ಅತಿಥಿಗಳಂತೆ ಹೋಗುವುದು ಇದರ ಸ್ವಾರಸ್ಯ.

ಹೊಲದಾಚೆಗೂ ಇಂಥ ಹಬ್ಬಗಳಿವೆ. ಮಹಾನವಮಿಯಂದು ಬಡಿಗ ಬಾಚಿ-ಉಳಿಗೆ, ಕಮ್ಮಾರ ತಿದಿಗೆ, ನೇಕಾರ ಮಗ್ಗಕ್ಕೆ ಪೂಜೆ ಮಾಡುತ್ತಾನೆ; ಈ ಪೂಜೆಗೆ ಇಲ್ಲಿನ ಹೆಸರು ಖಂಡೆಪೂಜೆ. ಮರುದಿನ ಬನ್ನಿ ಕೊಟ್ಟು “ಬಂಗಾರದಂಗ ಇರೂಣು” ಎಂದು ಹರಸುವಾಗಲೂ ಹೊಸ ಬಟ್ಟೆ ಇರಬೇಕು. ದೀಪಾವಳಿಗೆ ಅಂಗಡಿಕಾರರು ಲೆಕ್ಕದ ಹೊಸ ಪುಸ್ತಕ ಪೂಜಿಸುತ್ತಾರೆ. ಇಂದಿನ ಬ್ಯಾಂಕು, ಡಿಪೋ, ಪಂಚಾಯಿತಿ ಕಚೇರಿಗಳ ಹಬ್ಬ ಈ ಸಾಲಿನದೇ ಮುಂದುವರಿಕೆ. ಹಾಗಾಗಿ ನಾವು ‘ಸಾಂಪ್ರದಾಯಿಕ’ ಎನ್ನುವ ಉಡುಗೆ ಬಹುಪಾಲು ದುಡಿಯುವವರ ಉಡುಗೆಯ ಹಬ್ಬದ ರೂಪ ಎಂಬುದನ್ನು ನೆನಪಿಡಿ. ಮುಂದಿನ ಮಾತುಗಳಿಗೆಲ್ಲ ಇದೇ ಬುನಾದಿ.

ಕಲ್ಲಿನಲ್ಲಿ ಕಾಣುವುದು, ಕಾಣದಿರುವುದು

ಹಳೆಯ ಉಡುಗೆ ಹೇಗಿತ್ತೆಂದು ತಿಳಿಯುವುದು ಹೇಗೆ? ಬಟ್ಟೆ ಬಹುಕಾಲ ಉಳಿಯುವ ವಸ್ತುವಲ್ಲ. ಅದಕ್ಕೇ ನಾವು ಕಲ್ಲಿನ ಕಡೆ ನೋಡುತ್ತೇವೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು, ಸುಮಾರು 11ನೆಯ ಶತಮಾನದ್ದು. ಆ ಕಾಲದ ಶಿಲ್ಪಗಳಲ್ಲಿ ಗಂಡಸರೂ ಹೆಂಗಸರೂ ಹೆಚ್ಚಾಗಿ ಸೊಂಟಕ್ಕೆ ಸುತ್ತಿದ, ಹೊಲಿಯದ ಬಟ್ಟೆಯಲ್ಲೇ ಕಾಣಿಸುತ್ತಾರೆ. ಮೈಮೇಲೆ ಬಟ್ಟೆಗಿಂತ ಒಡವೆ ಹೆಚ್ಚು.

ಆದರೆ ಇಲ್ಲಿ ಇತಿಹಾಸದ ವಿದ್ಯಾರ್ಥಿ ಎಚ್ಚರ ವಹಿಸಬೇಕು. ಶಿಲ್ಪಿ ಕೆತ್ತಿದ್ದು ದೇವತೆಗಳನ್ನು, ನರ್ತಕಿಯರನ್ನು, ಅರಸುಮಕ್ಕಳನ್ನು. ಕಳೆ ಕೀಳುವ ಹೆಂಗಸಿಗೆ, ಮಗ್ಗದ ಕುಣಿಯಲ್ಲಿ ಕುಳಿತವನಿಗೆ ಗುಡಿಯ ಗೋಡೆಯ ಮೇಲೆ ಜಾಗ ಸಿಕ್ಕಿದ್ದು ಅಪರೂಪ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲೇ ನೇಯ್ಗೆಯ ಕಸುಬು ಇದೆ. ನೇಕಾರನ ಮಾತು ಕನ್ನಡದಲ್ಲಿ ಉಳಿದು ಬಂತು. ಅವನು ನೇಯ್ದ ಬಟ್ಟೆ ಉಳಿಯಲಿಲ್ಲ. ದುಡಿಯುವವರ ಉಡುಗೆಯನ್ನು ನಾವು ಟ್ರಂಕಿನಲ್ಲಿ, ಮಾತಿನಲ್ಲಿ, ರೂಢಿಯಲ್ಲಿ ಹುಡುಕಬೇಕು.

ಕೊಂಡಿ ಹಾಕಿದ ಸೆರಗು

ಈಗ ಟ್ರಂಕಿನಿಂದ ಇಲಕಲ್ ಸೀರೆಯನ್ನು ತೆಗೆಯೋಣ. ಇಲಕಲ್ಲು ಇಂದಿನ ಬಾಗಲಕೋಟೆ ಜಿಲ್ಲೆಯ ಊರು. ಈ ಸೀರೆ ಅಲ್ಲಿ ಹುಟ್ಟಿದರೂ ಉಟ್ಟು ಬೆಳೆಸಿದ್ದು ಇಡೀ ಉತ್ತರ ಕರ್ನಾಟಕ. ಸೀರೆಯನ್ನು ಬಿಚ್ಚಿ ಸೆರಗನ್ನು ಬೆಳಕಿಗೆ ಹಿಡಿಯಿರಿ. ಮೈಭಾಗ ಹತ್ತಿಯದು, ಅಥವಾ ಹತ್ತಿ-ರೇಷ್ಮೆ ಕೂಡಿದ್ದು. ಸೆರಗು ಹೊಳೆಯುವ ರೇಷ್ಮೆಯದು. ಕೆಂಪು ಸೆರಗಿನ ನಡುವೆ ಬಿಳಿಯ ಪಟ್ಟೆಗಳು, ಅವುಗಳ ಅಂಚಿಗೆ ಬಾಚಣಿಕೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ ಏರಿಳಿಯುವ ಆಕಾರಗಳು. ಇದಕ್ಕೆ ‘ಟೋಪ ತೆನಿ’ ಸೆರಗು ಎಂದು ಹೆಸರು.

ಮೈ ಒಂದು ಬಗೆಯ ನೂಲು, ಸೆರಗು ಇನ್ನೊಂದು ಬಗೆಯ ನೂಲು. ಎರಡನ್ನೂ ಕೂಡಿಸಿದ್ದು ಹೇಗೆ? ಹೊಲಿಗೆ ಹಾಕಿಲ್ಲ. ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತಾರೆ, ಅಡ್ಡಕ್ಕೆ ಹೋಗುವುದಕ್ಕೆ ಹೊಕ್ಕು. ಮೈಭಾಗದ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಮಾಡಿ ಸಿಕ್ಕಿಸಿ ಜೋಡಿಸುತ್ತಾರೆ. ಆದ್ದರಿಂದ ಈ ಸೀರೆಗೆ ಹತ್ತಾರು ಸೀರೆಗಳಿಗಾಗುವಷ್ಟು ಉದ್ದದ ಹಾಸು ಹೂಡಲು ಬರುವುದಿಲ್ಲ. ಆರೋ ಎಂಟೋ ಒಂಬತ್ತೋ ಗಜದ ಒಂದೊಂದು ಸೀರೆಗೂ ಬೇರೆಯಾಗಿ ಹೂಡಬೇಕು. ಅಡ್ಡಕ್ಕೆ ನೇಯುವಾಗ ಎರಡು ದಡಿಗೂ ನಡುವಿನ ಮೈಗೂ ಮೂರು ಲಾಳಿ ಬಳಸಿ, ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಬೇಗ ಬೇಗ ಆಗುವ ಕೆಲಸವಲ್ಲ ಇದು. ಮಗ್ಗದ ಮುಂದೆ ಒಬ್ಬರು ಕೂತರೆ, ಹಿಂದೆ ನೂಲಿಗೆ ಬಣ್ಣ ಹಾಕುವ, ಕಂಡಿಕೆ ಸುತ್ತುವ, ಹಾಸು ಹೂಡುವ ಕೆಲಸಕ್ಕೆ ಇಡೀ ಮನೆಯೇ ಬೇಕು. ಕನ್ನಡದಲ್ಲಿ ಗಾಢವಾಗಿ ಬೆರೆತದ್ದಕ್ಕೆ ‘ಹಾಸುಹೊಕ್ಕು’ ಎನ್ನುತ್ತೇವಲ್ಲ, ಆ ಮಾತು ನಮಗೆ ಬಂದದ್ದು ನೇಕಾರನ ಮನೆಯಿಂದ.

ಇಲಕಲ್ ಸೀರೆಯ ಜೊತೆಗಾತಿ ಖಣ. ಅದು ನೇಯ್ದು ಬರುವುದು ಗುಳೇದಗುಡ್ಡದಿಂದ. ಒಂದು ಕುಬಸಕ್ಕೆ ಸಾಕಾಗುವಷ್ಟು ಅಗಲದ ಬಟ್ಟೆ, ಎರಡು ಕಡೆ ದಡಿ, ನಡುವೆ ಸಣ್ಣ ಸಣ್ಣ ವಿನ್ಯಾಸ. ತೇರು, ಸೂಜಿಮಲ್ಲಿಗೆ ಎಂದೆಲ್ಲ ಆ ವಿನ್ಯಾಸಗಳಿಗೆ ಚಂದದ ಹೆಸರುಗಳಿವೆ. ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬುವಾಗ ಖಣ ಬೇಕು, ದೇವಿಗೆ ಏರಿಸಲು ಖಣ ಬೇಕು. ಚೊಚ್ಚಿಲ ಬಸುರಿಗೆ ಮಾಡುವ ಶಾಸ್ತ್ರದ ಹೆಸರೇ ‘ಕುಬಸ’. ಒಂದು ಅರಿವೆಯ ತುಂಡು ಶುಭಕಾರ್ಯಕ್ಕೇ ಹೆಸರಾದ ಉದಾಹರಣೆ ಇದು.

ಇನ್ನೊಂದು ಸಂಗತಿ ಗಮನಿಸಿ. ನಿಮ್ಮ ಅಜ್ಜಿಯ ಅಜ್ಜಿ ಎಂಟು-ಒಂಬತ್ತು ಗಜದ ಸೀರೆ ಉಟ್ಟು, ಅನೇಕ ಮನೆತನಗಳಲ್ಲಿ ಕಚ್ಚೆ ಹಾಕಿ, ಮುಂದೆ ಗಂಟು ಕಟ್ಟುವ ಕುಬಸ ತೊಡುತ್ತಿದ್ದಳು. ಕಚ್ಚೆ ಹಾಕಿದರೆ ಬಗ್ಗಿ ಕಳೆ ಕೀಳಬಹುದು, ಕೊಡ ಹೊತ್ತು ನಡೆಯಬಹುದು, ಬಂಡಿ ಏರಬಹುದು. ಲಂಗದ ಮೇಲೆ ಆರು ಗಜದ ಸೀರೆ, ಮೈಗೆ ಹೊಂದುವಂತೆ ಹೊಲಿದ ‘ಜಂಪರ್’ ಹಳ್ಳಿಗಳಲ್ಲಿ ಹರಡಿದ್ದು 20ನೆಯ ಶತಮಾನದಲ್ಲಿ. ಇಂದು ನೀವು ಸಾಂಪ್ರದಾಯಿಕ ಎಂದು ಉಡುವ ರೀತಿ ನಿಮ್ಮ ಮುತ್ತಜ್ಜಿಗೆ ಹೊಸ ಷೋಕಿಯಾಗಿ ಕಂಡಿದ್ದರೂ ಆಶ್ಚರ್ಯವಿಲ್ಲ.

ಗಂಟಿಲ್ಲದ ಹೊಲಿಗೆ

ಸೆರಗಿನ ಮೇಲೆ ಸೂಜಿಯಿಂದ ಬಿಡಿಸಿದ ಗೋಪುರ, ಆನೆ ಅಂಬಾರಿ, ತೊಟ್ಟಿಲು, ತುಳಸಿಕಟ್ಟೆ, ನವಿಲು ಕಂಡರೆ ಅದು ಕಸೂತಿ. ಕೈ ಮತ್ತು ಸೂತಿ, ಅಂದರೆ ಕೈಯಿಂದ ನೂಲಿನ ಕೆಲಸ, ಎಂದು ಈ ಹೆಸರನ್ನು ಬಿಡಿಸಿ ಹೇಳುವುದುಂಟು. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇದನ್ನು ತಾಯಿಯಿಂದ, ಅತ್ತೆಯಿಂದ ನೋಡಿ ಕಲಿತರು. ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ, ಕುಬಸಕ್ಕೆ, ಕೂಸಿನ ಕುಂಚಿಗೆಗೆ ಕಸೂತಿ ಹಾಕುತ್ತಿದ್ದರು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗಾವಂತಿ: ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಜಾಗ ತುಂಬುವ ಹೊಲಿಗೆ. ಮುರಗಿ: ಮೆಟ್ಟಿಲು ಮೆಟ್ಟಿಲಾಗಿ ಏರುವುದು. ನೇಗಿ: ನೇಯ್ದಂತೆಯೇ ತೋರುವುದು. ಮೆಂತೆ: ಮೆಂತೆ ಕಾಳಿನಂತೆ ಕಾಣುವ ಅಡ್ಡಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುವುದಿಲ್ಲ; ಎಳೆ ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಗಂಟು ಹಾಕುವಂತಿಲ್ಲ. ಗಾವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಸಮ ಕಾಣುತ್ತವೆ. ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ. ಅಕ್ಷರ ಕಲಿಯದ ಎಷ್ಟೋ ಹೆಣ್ಣುಮಕ್ಕಳು ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಇದೂ ಒಂದು ಬಗೆಯ ವಿದ್ಯೆ ಎಂದು ನಮ್ಮ ಶಾಲೆಗಳು ಒಪ್ಪಿಕೊಂಡದ್ದು ತಡವಾಗಿ.

ಮನೆಗೆಂದು ಮಾಡುತ್ತಿದ್ದ ಈ ಕೆಲಸ ಕಾಲಕ್ರಮದಲ್ಲಿ ಮಾರಾಟದ ಕೆಲಸವೂ ಆಯಿತು. 2006ರಲ್ಲಿ ಕಸೂತಿಗೆ, 2007ರಲ್ಲಿ ಇಲಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಂದರೆ ಬೇರೆ ಕಡೆ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವುದು ಕಾನೂನಿಗೆ ವಿರುದ್ಧ. ಆದರೆ ಸಂತೆಯಲ್ಲಿ ಯಂತ್ರದ ಕಸೂತಿಯೂ ವಿದ್ಯುತ್ ಮಗ್ಗದ ‘ಇಲಕಲ್’ ಸೀರೆಯೂ ಅಗ್ಗದ ಬೆಲೆಗೆ ಸಿಗುತ್ತವೆ. ದಿನಗಟ್ಟಲೆ ಕಣ್ಣು ನೋಯಿಸಿಕೊಂಡು ಎಳೆ ಎಣಿಸಿದವಳು ಯಂತ್ರದ ಬೆಲೆಯ ಜೊತೆ ಹೇಗೆ ಪೈಪೋಟಿ ಮಾಡಬೇಕು? ಈ ಪ್ರಶ್ನೆಗೆ ಮುಂದೆ ಮತ್ತೆ ಬರೋಣ.

ಪಟಕ ಹೋಗಿ ಟೊಪ್ಪಿಗೆ ಬಂತು

ಗಂಡುಮಕ್ಕಳ ಉಡುಗೆಯ ಕಥೆ ಇನ್ನೂ ಕುತೂಹಲದ್ದು. ನವಲಗುಂದದ ಹುಡುಗನೊಬ್ಬ ಸಾಂಪ್ರದಾಯಿಕ ದಿನಕ್ಕೆ ಬಿಳಿ ಧೋತರ, ಬಿಳಿ ನೆಹರೂ ಶರ್ಟು, ಗಾಂಧಿ ಟೊಪ್ಪಿಗೆ ಹಾಕಿಕೊಂಡು ಬಂದನೆನ್ನಿ. ಎಲ್ಲರೂ ‘ಹಳ್ಳಿಯ ಹಿರಿಯನಂತೆ ಕಾಣುತ್ತಾನೆ’ ಎಂದು ಮೆಚ್ಚುತ್ತಾರೆ. ಆದರೆ ಈ ಮೂರರಲ್ಲಿ ಧೋತರ ಮಾತ್ರ ಬಹಳ ಹಳೆಯದು. ಉಳಿದೆರಡರ ಹೆಸರನ್ನೇ ನೋಡಿ, ಕಾಲ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಹಳ್ಳಿಯ ಗಂಡಸಿನ ತಲೆಯ ಮೇಲೆ ಪಟಕ ಅಥವಾ ರುಮಾಲು ಇರುತ್ತಿತ್ತು. ಎರೆಯ ಬಿಸಿಲಿಗೆ ಅದು ನೆರಳು, ಹೊರೆ ಹೊತ್ತಾಗ ಸಿಂಬಿ, ಮಲಗಿದಾಗ ದಿಂಬು, ಬಾವಿಯ ಹಗ್ಗ ಗಿಡ್ಡವಾದರೆ ಅದಕ್ಕೆ ಜೋಡಣೆ. ಮೈಮೇಲೆ ಅಂಗಿ, ಕೆಲಸದಲ್ಲಿ ಮೊಣಕಾಲ ಮೇಲಿನ ಚಣ್ಣ, ಮಳೆಗೆ ಕುರುಬರು ನೇಯ್ದ ಕಂಬಳಿಯ ಕೊಪ್ಪೆ. ಪೇಟೆಯ ಮಾಸ್ತರು, ಕಾರಕೂನರು ಧೋತರದ ಮೇಲೆ ಕೋಟು ತೊಟ್ಟು ರುಮಾಲು ಸುತ್ತಿ ಕಚೇರಿಗೆ ಹೋಗುತ್ತಿದ್ದರು. ಕೋಟು ಇಂಗ್ಲಿಷರದು, ಧೋತರ ನಮ್ಮದು. ಈ ಬೆರಕೆಯೇ ಮುಂದೆ ಧಾರವಾಡದ ವಿದ್ಯಾವಂತರ ಗುರುತಾಯಿತು.

ಈ ಬದಲಾವಣೆಯ ಹಿಂದೆ ಹತ್ತಿಯ ದೊಡ್ಡ ಕಥೆಯಿದೆ. ಧಾರವಾಡದ ಎರೆಮಣ್ಣು ಹತ್ತಿಗೆ ಹೇಳಿಮಾಡಿಸಿದ್ದು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿಯ ತಳಿಯನ್ನು ಇಲ್ಲಿ ಬೆಳೆಸಲು ಯತ್ನಿಸಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಹತ್ತಿ ಮುಂಬಯಿ, ಇಂಗ್ಲೆಂಡಿನ ಮಾರುಕಟ್ಟೆಗಳಲ್ಲಿ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಯ ಬೆಲೆ ಏರಿತು. ಯುದ್ಧ ಮುಗಿದಾಗ ಇಳಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿ-ಗದಗ ರೈಲು ಹಳಿ ಬಿದ್ದ ಮೇಲೆ ಅಣ್ಣಿಗೇರಿಯ ಅರಳೆಯೂ ಬೇಗ ಬಂದರು ಸೇರತೊಡಗಿತು. ಹೀಗೆ ನಮ್ಮ ಹೊಲದ ಹತ್ತಿ ಹೊರಗೆ ಹೋಗಿ, ಗಿರಣಿಯ ಬಟ್ಟೆಯೂ ಗಿರಣಿಯ ನೂಲೂ ಒಳಗೆ ಬಂದವು. ಕೈಯಿಂದ ನೂಲುವ ರಾಟಿ ಮೂಲೆ ಸೇರಿತು. ಹತ್ತಿ ಬೆಳೆದವನೇ ಬಟ್ಟೆಯನ್ನು ಕೊಂಡು ಉಡುವ ಕಾಲ ಬಂತು.

ಸ್ವದೇಶಿ ಚಳವಳಿ ಈ ಗಾಯವನ್ನೇ ಮುಟ್ಟಿ ತೋರಿಸಿತು. 1905ರ ಆಗಸ್ಟ್ 7ರಂದು ಕೋಲ್ಕತ್ತದಲ್ಲಿ ಆರಂಭವಾದ ಆ ಚಳವಳಿಯ ನೆನಪಿಗೆ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಕಾಂಗ್ರೆಸ್ಸಿನ ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮಕ್ಕೆ ಒಪ್ಪಿಗೆ ಬಿದ್ದದ್ದು ಅಲ್ಲೇ. ಬಿಳಿ ಖಾದಿಯ ಟೊಪ್ಪಿಗೆ ಆಗ ಬರಿಯ ಟೊಪ್ಪಿಗೆಯಾಗಿರಲಿಲ್ಲ. ಬ್ರಿಟಿಷ್ ಭಾರತದ ಹಲವು ಕಡೆ ಸರ್ಕಾರಿ ನೌಕರರು ಅದನ್ನು ಧರಿಸುವುದಕ್ಕೆ ಅಧಿಕಾರಿಗಳು ಅಡ್ಡಿಮಾಡಿದರು. ದುಡಿಯುವ ಜಾಗಕ್ಕೆ ಏನು ತೊಟ್ಟು ಹೋಗಬೇಕೆಂಬ ಪ್ರಶ್ನೆಗೆ ಅಂದು ನೌಕರಿಯನ್ನೇ ಪಣಕ್ಕಿಡಬೇಕಾಗಿತ್ತು. ನಿಮ್ಮ ಗೆಳೆಯ ಹಬ್ಬಕ್ಕೆ ಹಾಕಿಕೊಂಡ ಟೊಪ್ಪಿಗೆಯಲ್ಲಿ ಅಷ್ಟು ತೂಕವಿದೆ.

ಸ್ವಾತಂತ್ರ್ಯದ ನಂತರವೂ ಈ ಎಳೆ ಕಡಿಯಲಿಲ್ಲ. ಧಾರವಾಡ ತಾಲೂಕಿನ ಗರಗ ಗ್ರಾಮದಲ್ಲಿ 1954ರಲ್ಲಿ ಹುಟ್ಟಿದ ಕ್ಷೇತ್ರೀಯ ಸೇವಾ ಸಂಘ ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯ್ದು ಹೆಸರಾಯಿತು. 1957ರಲ್ಲಿ ಸ್ಥಾಪನೆಯಾದ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೋದ ಮಾನ್ಯತೆ ಪಡೆದು ದೇಶಕ್ಕೆಲ್ಲ ಧ್ವಜ ಒದಗಿಸಿತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ದೊರೆಯಿತು. ನೂಲುವವರಿಗೂ ನೇಯುವವರಿಗೂ ಅದು ಕಳವಳದ ಸುದ್ದಿಯಾಯಿತು. ಕೈ ಮತ್ತು ಯಂತ್ರದ ಪೈಪೋಟಿ ಸೀರೆಯಿಂದ ಧ್ವಜದವರೆಗೆ ಒಂದೇ.

ಹೆಗಲೇರಿದ ಹಸಿರು

ಸಂಪ್ರದಾಯ ಹುಟ್ಟುವುದನ್ನು ಕಣ್ಣಾರೆ ಕಾಣಬೇಕೆಂದರೆ ನವಲಗುಂದಕ್ಕೆ ಬನ್ನಿ. 1980ರ ಜುಲೈ 21ರಂದು ಇಲ್ಲಿಯೂ ನೆರೆಯ ನರಗುಂದದಲ್ಲಿಯೂ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರ ವಸೂಲಿಯ ವಿರುದ್ಧ ಬಂಡೆದ್ದರು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅದೇ ವರ್ಷ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘದ ಗುರುತಾಗಿ ಹಸಿರು ಶಾಲು ಹೆಗಲೇರಿತು. 2015ರ ನಂತರ ಕಳಸಾ-ಬಂಡೂರಿ ನೀರಿಗಾಗಿ ನವಲಗುಂದದಲ್ಲಿ ನಡೆದ ದೀರ್ಘ ಧರಣಿಯಲ್ಲೂ ಇದೇ ಶಾಲು ಕಂಡಿತು.

ಇಂದು ಹಳ್ಳಿಯ ಸಭೆ-ಸಮಾರಂಭಗಳಲ್ಲಿ ರೈತರನ್ನು ಸತ್ಕರಿಸುವಾಗ ಹಸಿರು ಶಾಲು ಹೊದಿಸುವುದು ಸಹಜವಾಗಿದೆ. ಶಾಲೆಯ ಮಕ್ಕಳು ‘ರೈತ’ನ ಪಾತ್ರಕ್ಕೆ ಬಂದಾಗಲೂ ಅದು ಹೆಗಲ ಮೇಲಿರುತ್ತದೆ. ಅರ್ಧ ಶತಮಾನದೊಳಗೆ ಹೋರಾಟದ ಗುರುತು ನಾಡಿನ ಉಡುಗೆಯ ಭಾಗವಾಯಿತು. ಸಂಪ್ರದಾಯವೆಂದರೆ ಹಿಂದಿನಿಂದ ಇದ್ದದ್ದೇ ಎಂದುಕೊಳ್ಳುವವರಿಗೆ ಈ ಶಾಲು ಉತ್ತರ. ಪ್ರತಿ ತಲೆಮಾರೂ ತನಗೆ ಬೇಕಾದುದನ್ನು ಇಟ್ಟುಕೊಂಡು, ಬೇಡದ್ದನ್ನು ಬಿಟ್ಟು, ಹೊಸದನ್ನು ಸೇರಿಸುತ್ತಲೇ ಬಂದಿದೆ.

ಬಿಡಬೇಕಾದದ್ದೂ ಇದೆ

ಬೇಡದ್ದನ್ನು ಬಿಟ್ಟ ಕಥೆಯನ್ನೂ ಹೇಳಲೇಬೇಕು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಧಾರವಾಡ ಸಂಪುಟ ತೆರೆದರೆ ಪ್ರತಿ ಜಾತಿಯ ಉಡುಗೆಯನ್ನೂ ಬೇರೆ ಬೇರೆಯಾಗಿ ಬರೆದಿರುವುದು ಕಾಣುತ್ತದೆ. ಉಡುಗೆ ನೋಡಿದರೆ ಸಾಕು, ಊರಿನಲ್ಲಿ ಮನುಷ್ಯನ ಸ್ಥಾನ ತಿಳಿಯುತ್ತಿತ್ತು. ಗಂಡ ಸತ್ತ ಹೆಣ್ಣಿಗೆ ಬಳೆ, ಕುಂಕುಮ, ಬಣ್ಣದ ಸೀರೆ ತಪ್ಪುತ್ತಿತ್ತು. ಬ್ರಾಹ್ಮಣ ಮನೆತನಗಳಲ್ಲಿ ಎಳೆಯ ವಿಧವೆಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಅದೂ ‘ಸಾಂಪ್ರದಾಯಿಕ ಉಡುಗೆ’ಯೇ ಆಗಿತ್ತು. ಅದನ್ನು ಬಿಟ್ಟಿದ್ದರಿಂದ ನಾವು ಏನನ್ನೂ ಕಳೆದುಕೊಳ್ಳಲಿಲ್ಲ. ನಿಮ್ಮ ಕಾಲೇಜಿನ ಹಬ್ಬದಲ್ಲಿ ಗಂಡನಿಲ್ಲದ ಶಿಕ್ಷಕಿಯೊಬ್ಬರು ಹಸಿರು ಇಲಕಲ್ ಸೀರೆ ಉಟ್ಟು ಎಲ್ಲರ ಜೊತೆ ನಿಂತರೆ, ಅದಕ್ಕೆ ಹಿಂದಿನವರು ಕೊಟ್ಟ ಬೆಲೆ ಸಣ್ಣದಲ್ಲ.

ಇನ್ನೊಂದು ಮಾತು. ಕಲಘಟಗಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹಿರಿಯ ಹೆಂಗಸರು ಕನ್ನಡಿ, ಕವಡೆ, ದಾರಗಳಿಂದ ಸಿಂಗರಿಸಿದ ಫೇಟಿಯಾ ಮತ್ತು ಕಾಂಚಳಿ ತೊಡುತ್ತಾರೆ. ಅದನ್ನು ಬಾಡಿಗೆಗೆ ತಂದು ಹಾಕಿಕೊಂಡು, ನಗಿಸಲೆಂದು ಕುಣಿಯುವ ವಿದ್ಯಾರ್ಥಿಗಳೂ ಇದ್ದಾರೆ. ಅದೇ ತರಗತಿಯಲ್ಲಿ ತಾಂಡಾದಿಂದ ಬಂದ ಹುಡುಗಿಯೂ ಕೂತಿರುತ್ತಾಳೆ. ಅವಳ ಅಜ್ಜಿ ಆ ಬಟ್ಟೆಯಲ್ಲೇ ಕೂಲಿಗೆ ಹೋದವಳು, ಆ ಬಟ್ಟೆ ತೊಟ್ಟದ್ದಕ್ಕೆ ಸಂತೆಯಲ್ಲಿ ಕೀಟಲೆ ಕೇಳಿದವಳು. ಒಬ್ಬರ ನಿತ್ಯದ ಉಡುಗೆಯನ್ನು ಇನ್ನೊಬ್ಬರು ವೇಷ ಮಾಡಿಕೊಳ್ಳಬಾರದು. ಉಡಲೇಬೇಕೆನಿಸಿದರೆ ಆ ಗೆಳತಿಯನ್ನೇ ಕೇಳಿ. ಹೇಗೆ ಉಡಬೇಕು, ಯಾವಾಗ ಉಡುತ್ತಾರೆ, ಯಾರು ಹೊಲಿಯುತ್ತಾರೆ ಎಂದು ತಿಳಿದುಕೊಂಡು ಉಡಿ. ಅವಳು ಬೇಡವೆಂದರೆ ಬಿಡಿ.

ಹಾಗಾದರೆ ನಾಳೆ ಏನು ಉಡೋಣ?

ಇಷ್ಟೆಲ್ಲ ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಮರಳೋಣ. ಮೊದಲು ಮನೆಯ ಟ್ರಂಕು ತೆರೆಯಿರಿ, ಅಂಗಡಿ ಆಮೇಲೆ. ಅಜ್ಜಿಯ ಸೀರೆಯ ದಡಿ ಸವೆದಿದ್ದರೂ ಚಿಂತೆಯಿಲ್ಲ. ಅದನ್ನು ಎಲ್ಲಿ, ಯಾವ ಸಂದರ್ಭಕ್ಕೆ ಕೊಂಡರೆಂದು ಕೇಳಿ ಬರೆದಿಟ್ಟುಕೊಳ್ಳಿ. ಉಟ್ಟಾಗ ಆ ಕಥೆ ಹೇಳಲು ಬರಬೇಕು. ಉಡಲಾಗದಷ್ಟು ಹರಿದಿದ್ದರೆ ಅದು ಕೌದಿಯಾಗುತ್ತದೆ. ಹಳೆಯ ಸೀರೆ-ಧೋತರಗಳ ತುಂಡು ಜೋಡಿಸಿ ಹೊಲಿದ ಕೌದಿ ಎಂದರೆ ಒಂದು ಮನೆತನದ ಉಡುಗೆಯ ಇತಿಹಾಸವೇ ಹಾಸಿಗೆಯಾದಂತೆ.

ಹೊಸದನ್ನೇ ಕೊಳ್ಳುವುದಾದರೆ ಮೂರು ಪ್ರಶ್ನೆ ಕೇಳಿ: ನೂಲು ಯಾವುದು? ನೇಯ್ದವರು ಯಾರು? ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ? ಸೆರಗಿನ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಕಸೂತಿಯಾದರೆ ಬಟ್ಟೆ ತಿರುಗಿಸಿ ಹಿಂಬದಿ ನೋಡಿ. ಗಂಟು, ತೇಲುವ ದಾರಗಳು ಕಂಡರೆ ಅನುಮಾನಿಸಿ. 2006ರಲ್ಲಿ ಜಾರಿಗೆ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಇದೆಯೇ ಗಮನಿಸಿ. ವಿದ್ಯುತ್ ಮಗ್ಗದ ಸೀರೆ ಉಡುವುದು ಅಪರಾಧವಲ್ಲ; ಎಷ್ಟೋ ಮನೆಗಳಿಗೆ ಎಟಕುವುದು ಅದೇ. ಆದರೆ ಅದನ್ನು ಕೈಮಗ್ಗದ್ದೆಂದು ಮಾರುವುದು ಮೋಸ. ಹತ್ತು ಜನ ಸೇರಿ ಹತ್ತು ನಕಲಿ ಸೀರೆ ಕೊಳ್ಳುವ ಬದಲು ಎರಡು ಕೈಮಗ್ಗದ ಸೀರೆ ಕೊಂಡು ವರ್ಷದಿಂದ ವರ್ಷಕ್ಕೆ ಹಂಚಿಕೊಂಡು ಉಡಬಹುದು. ಸಭೆಗೆ ಹಾಸಲು ನವಲಗುಂದದ ಜಮಖಾನವನ್ನೇ ತರಬಹುದು. ಮುಸ್ಲಿಂ ಹೆಣ್ಣುಮಕ್ಕಳು ತಲೆಮಾರುಗಳಿಂದ ನೇಯುತ್ತ ಬಂದ, ನವಿಲು ಮತ್ತು ಪಗಡೆ ಹಾಸಿನ ಚಿತ್ರಗಳ ಆ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ.

ಇನ್ನು ಹಬ್ಬ ಏರ್ಪಡಿಸುವವರಿಗೆ ಒಂದು ಮಾತು. ಇಂಥದೇ ಸೀರೆ, ಇಂಥದೇ ಬಣ್ಣ ಎಂದು ಗೊತ್ತುಮಾಡುವ ಮೊದಲು, ಅದನ್ನು ಕೊಳ್ಳಲು ಯಾರ ಮನೆಯಲ್ಲಿ ಸಾಲವಾಗಬಹುದೆಂದು ಯೋಚಿಸಿ. ಕೈಮಗ್ಗದ ಒಂದು ಕರವಸ್ತ್ರ, ಅಪ್ಪನ ಹೆಗಲ ಮೇಲಿನ ಟವೆಲ್ಲು, ಅಜ್ಜನ ಕಂಬಳಿ ಇವೂ ನಮ್ಮ ಉಡುಗೆಯೇ. ಸಮವಸ್ತ್ರದಲ್ಲೇ ಬಂದವರಿಗೂ ಸಾಲಿನಲ್ಲಿ ಜಾಗವಿರಲಿ. ಚರಗದ ದಿನ ಹೊಲಕ್ಕೆ ಬಂದವರಿಗೆ ಊಟ ಹಾಕುವ ಮೊದಲು ಯಾರೂ ಸೀರೆಯ ಬೆಲೆ ಕೇಳುವುದಿಲ್ಲ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಅತ್ಯಂತ ಹಳೆಯ ಬಟ್ಟೆ ಯಾವುದು? ಅದನ್ನು ಉಟ್ಟವರು, ಕೊಂಡ ಊರು, ಉಟ್ಟ ಸಂದರ್ಭ ಇವನ್ನು ಹಿರಿಯರಿಂದ ಕೇಳಿ ಒಂದು ಪುಟ ಬರೆಯಿರಿ.

2. ಹಳೆಯ ಮದುವೆಯ ಫೋಟೋ ಸಿಕ್ಕರೆ ಗಂಡಸರ ತಲೆಯನ್ನು ಎಣಿಸಿ. ಪಟಕ ಎಷ್ಟು, ಟೊಪ್ಪಿಗೆ ಎಷ್ಟು, ಬರಿದಲೆ ಎಷ್ಟು? ಇಪ್ಪತ್ತು ವರ್ಷ ಈಚಿನ ಇನ್ನೊಂದು ಫೋಟೋದ ಜೊತೆ ಹೋಲಿಸಿ.

3. ಇಲಕಲ್ ಸೀರೆಯ ಒಂದು ಅಂಗುಲ ಜಾಗದಲ್ಲಿ ಎಷ್ಟು ಎಳೆಗಳಿವೆ ಎಂದು ಭೂತಗನ್ನಡಿ ಹಿಡಿದು ಎಣಿಸಿ. ಅದೇ ಅಗಲದಲ್ಲಿ ಕಸೂತಿಯ ಸಣ್ಣ ಗೋಪುರವೊಂದನ್ನು ಪೆನ್ಸಿಲಿನ ಗುರುತಿಲ್ಲದೆ ಹೊಲಿಯಲು ಯತ್ನಿಸಿ. ನಿಮಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿ. ಮುಂದಿನ ಸಲ ಕಸೂತಿಯ ಸೀರೆಯ ಬೆಲೆ ಕೇಳುವಾಗ ಆ ಹೊತ್ತನ್ನು ನೆನಪಿಗೆ ತಂದುಕೊಳ್ಳಿ.